ಚಿಕ್ಕಮ್ಮನ ಚಿತ್ರ ಗೋಡೆಗೆ ಏರಿದ ಹನ್ನೊಂದು ತಿಂಗಳು

ಮೊನ್ನೆ ಭಾನುವಾರ ಸಂಜೆ ಚಿಕ್ಕಮ್ಮ ಬರೆದ ಜಲವರ್ಣ ಚಿತ್ರ ಕೊನೆಗೂ ಗೋಡೆಗೆ ಏರಿತು. ಬೀರುವಿನ ಹಿಂದಿನಿಂದ ಅದನ್ನು ಎಳೆದು ತೆಗೆದ ದಿನದಿಂದ ಲೆಕ್ಕ ಹಾಕಿದರೆ ಹನ್ನೊಂದು ತಿಂಗಳು. ಒಂದು ಮೊಳೆ ಹೊಡೆಯೋಕೆ ಹನ್ನೊಂದು ತಿಂಗಳೇ ಅಂತ ಮನೆಗೆ ಬಂದವರೆಲ್ಲ ನಕ್ಕಿದ್ದಾರೆ. ನಗಲಿ. ನಡುವೆ ಏನೇನಾಯಿತು ಅನ್ನುವುದನ್ನು ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ. ಹಳೆಯ ಕಾಗದದ ಚಿತ್ರವೊಂದು ಕೈಗೆ ಸಿಕ್ಕರೆ ಏನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏನು ಮಾಡಬಾರದು ಎಂದು ನನಗೆ ಹೇಳುವವರು ಯಾರೂ ಇರಲಿಲ್ಲ.

ಚಿತ್ರ ದೊಡ್ಡದೇನಲ್ಲ. 28 ಸೆಂ.ಮೀ. ಎತ್ತರ, 38 ಸೆಂ.ಮೀ. ಅಗಲ. ಜಲವರ್ಣದವರು ಕಾಲು ಇಂಪೀರಿಯಲ್ ಎನ್ನುವ ಅಳತೆ: ದೊಡ್ಡ ಹಾಳೆಯನ್ನು ಎರಡು ಸಲ ಮಡಚಿ ಹರಿದರೆ ಬರುವ ತುಂಡು. ಒಂದು ಕೋಣೆಯ ಮೂಲೆ, ಒಂದು ಮರದ ಕುರ್ಚಿ, ಅದರ ಬೆನ್ನಿಗೆ ಹಾಕಿದ ಹಳದಿ ಟವೆಲು, ಪಕ್ಕದಲ್ಲಿ ಅರ್ಧ ತೆರೆದ ಕಿಟಕಿ, ಹಿಂದೆ ನೀಲಿ ಗೋಡೆ. ಅಷ್ಟೇ. ಚಿಕ್ಕಮ್ಮ ಚಿತ್ರಕಲಾವಿದೆಯಲ್ಲ. ಮನೆಗೆಲಸ ಮುಗಿದ ಮೇಲೆ ಸಿಗುವ ಒಂದು ಗಂಟೆಯಲ್ಲಿ ಏನೋ ಬಣ್ಣ ಹಚ್ಚುತ್ತಿದ್ದವರು. ಉಳಿದ ಚಿತ್ರಗಳೆಲ್ಲ ಎಲ್ಲಿ ಹೋದವೋ, ಇದೊಂದು ಉಳಿದಿತ್ತು. ಮೂವತ್ತು ವರ್ಷ ಅವರ ಮನೆಯ ಹಜಾರದಲ್ಲಿ, ಕಿಟಕಿಯ ಎದುರಿಗೇ ತೂಗುತ್ತಿತ್ತು. ಅವರು ಹೋದ ಮೇಲೆ ಮನೆ ಖಾಲಿ ಮಾಡುವಾಗ ಯಾರೋ ಬಣ್ಣ ಬಳಿಸಲು ಇಳಿಸಿದ್ದು ಬೀರುವಿನ ಹಿಂದೆ ಸೇರಿಕೊಂಡಿತ್ತು.

ಮೊದಲ ತಪ್ಪು ನನ್ನದೇ. ಗಾಜು ಬಿರುಕು ಬಿಟ್ಟಿತ್ತು, ಒಳಗೆ ದೂಳು. ಚೌಕಟ್ಟಿನ ಹಿಂದಿನ ರಟ್ಟು ತೆಗೆದು, ಚಿತ್ರವನ್ನು ಮೇಜಿನ ಮೇಲಿಟ್ಟು, ಒದ್ದೆ ಮಾಡಿ ಹಿಂಡಿದ ಬಟ್ಟೆಯಲ್ಲಿ ಮೂಲೆಯ ದೂಳನ್ನು ಮೆಲ್ಲಗೆ ಒರೆಸಿದೆ. ಒಂದೇ ಸಲ. ಬಟ್ಟೆ ಎತ್ತಿ ನೋಡಿದರೆ ಹೆಬ್ಬೆರಳಿನಷ್ಟು ಜಾಗ ನೀಲಿಯಾಗಿತ್ತು. ಗೋಡೆಯ ಬಣ್ಣ ಎದ್ದು ಬಟ್ಟೆಗೆ ಬಂದಿತ್ತು. ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು. ಜಲವರ್ಣದಲ್ಲಿ ಬಣ್ಣದ ಪುಡಿಯನ್ನು ಕಾಗದಕ್ಕೆ ಹಿಡಿದಿಡುವುದು ಗೋಂದು, ಅಂದರೆ ನೀರಿನಲ್ಲಿ ಕರಗುವ ಅಂಟು. ಒಣಗಿ ಎಷ್ಟು ವರ್ಷವಾಗಿದ್ದರೂ ನೀರು ತಾಕಿದರೆ ಅದು ಮತ್ತೆ ಜೀವ ತಳೆಯುತ್ತದೆ. ಶಾಲೆಯಲ್ಲಿ ಒಣಗಿದ ಬಣ್ಣದ ಬಿಲ್ಲೆಗೆ ಒದ್ದೆ ಕುಂಚ ಉಜ್ಜಿದವರಿಗೆಲ್ಲ ಗೊತ್ತಿರುವ ವಿಷಯ. ಕೈಗೆ ಬಟ್ಟೆ ಬಂದಾಗ ಮಾತ್ರ ನೆನಪಾಗುವುದಿಲ್ಲ.

ನಿಮ್ಮ ಕೈಗೆ ಇಂಥದ್ದು ಬಂದರೆ ಒರೆಸಬೇಡಿ, ಊದಬೇಡಿ, ಬಿಸಿಲಿಗೆ ಹಾಕಬೇಡಿ. ಎರಡು ಶುಭ್ರ ಬಿಳಿ ಹಾಳೆಗಳ ನಡುವೆ ಇಟ್ಟು, ಗಟ್ಟಿ ರಟ್ಟಿನ ಮೇಲೆ ಚಪ್ಪಟೆಯಾಗಿ ಮಲಗಿಸಿ. ಅದಕ್ಕೂ ಮೊದಲು ಮುಂದೆ, ಹಿಂದೆ, ನಾಲ್ಕು ಮೂಲೆ ಎಲ್ಲವನ್ನೂ ಹಗಲಿನ ಬೆಳಕಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಆ ಫೋಟೊಗಳು ಮುಂದೆ ಮೂರು ಬಾರಿ ನನ್ನ ನೆರವಿಗೆ ಬಂದವು.

ಮುಂದಿನ ವಾರ ಒಂದು ಚೌಕಟ್ಟಿನ ಅಂಗಡಿಗೆ ಹೋದೆ. ಹೆಸರು ಬೇಡ. ಅಂಗಡಿಯವರು ಚಿತ್ರವನ್ನು ಒಂದು ಕಣ್ಣು ಹಾಯಿಸಿ ನೋಡಿ, ‘ಅಂಚು ಸ್ವಲ್ಪ ಕತ್ತರಿಸಿದರೆ ರೆಡಿಮೇಡ್ ಫ್ರೇಮಿಗೆ ಕೂರುತ್ತೆ, ನಾಳೆ ಸಂಜೆ ಕೊಡ್ತೀನಿ’ ಎಂದರು. ಕೈಯಲ್ಲಿ ಬ್ಲೇಡು ಹಿಡಿದೇ ಮಾತಾಡುತ್ತಿದ್ದರು. ಚಿನ್ನದ ಬಣ್ಣದ, ಹೂಬಳ್ಳಿಯ ಚೌಕಟ್ಟೊಂದನ್ನು ತಂದು ಚಿತ್ರದ ಮೇಲಿಟ್ಟರು. ಕುರ್ಚಿ, ಟವೆಲು, ಕಿಟಕಿ ಮೂರೂ ಮದುವೆ ಮಂಟಪಕ್ಕೆ ತಪ್ಪಿ ಬಂದವರ ಹಾಗೆ ಕಂಡವು. ನನಗೆ ಅಲ್ಲಿಯವರೆಗೆ ಚೌಕಟ್ಟಿನ ಬಗ್ಗೆ ಯಾವ ಅಭಿಪ್ರಾಯವೂ ಇರಲಿಲ್ಲ. ಆ ಕ್ಷಣ ಒಂದು ಹುಟ್ಟಿತು. ಚಿತ್ರವನ್ನು ಎತ್ತಿಕೊಂಡು ಹೊರಬಂದೆ.

ಸಂರಕ್ಷಣಾ ತಜ್ಞೆಯೊಬ್ಬರ ವಿಚಾರ ತಿಳಿದದ್ದು ಒಂದು ವಸ್ತುಸಂಗ್ರಹಾಲಯಕ್ಕೆ ಫೋನು ಮಾಡಿ ಕೇಳಿದ ಮೇಲೆ. ಇದು ನಿಜಕ್ಕೂ ಉಪಯೋಗಕ್ಕೆ ಬರುವ ಸಂಗತಿ. ಸಂಗ್ರಹಾಲಯದವರು ಸಾಮಾನ್ಯವಾಗಿ ಹೊರಗಿನವರ ಚಿತ್ರ ದುರಸ್ತಿ ಮಾಡಿಕೊಡುವುದಿಲ್ಲ, ಆದರೆ ಮಾಡುವವರು ಯಾರು ಎಂದು ಹೇಳಬಲ್ಲರು. ಕೇಳುವಾಗ ‘ಕಾಗದದ ಕೆಲಸ’ ಎಂದು ಒತ್ತಿ ಹೇಳಿ. ತೈಲವರ್ಣ ಮಾಡುವವರೇ ಬೇರೆ, ಕಾಗದ ಮಾಡುವವರೇ ಬೇರೆ. ನಾನು ಮೊದಲು ತೈಲವರ್ಣದವರ ಬಾಗಿಲು ತಟ್ಟಿ ಎರಡು ವಾರ ಕಳೆದುಕೊಂಡೆ.

ತಜ್ಞೆ ಮೊದಲು ಕೇಳಿದ್ದು ಚಿತ್ರವನ್ನಲ್ಲ, ಒಂದು ಪತ್ರವನ್ನು. ಚಿತ್ರ ಯಾರದ್ದು? ಚಿಕ್ಕಮ್ಮನದು. ಅವರಿಲ್ಲ. ಹಾಗಾದರೆ ಅವರ ಮಕ್ಕಳು ಒಪ್ಪಿದ್ದಾರೆಯೇ? ನನಗೆ ಇದು ಹೊಳೆದೇ ಇರಲಿಲ್ಲ. ಮೂವರು ಮಕ್ಕಳಲ್ಲಿ ಇಬ್ಬರು ಅದೇ ದಿನ ‘ನೀನೇ ಇಟ್ಟುಕೋ’ ಎಂದು ಬರೆದುಕೊಟ್ಟರು. ಮೂರನೆಯವನು, ನನಗಿಂತ ಎರಡು ವರ್ಷ ಚಿಕ್ಕವನು, ಮೂರು ವಾರ ಸತಾಯಿಸಿದ. ಅವನಿಗೆ ಚಿತ್ರ ಬೇಕಾಗಿರಲಿಲ್ಲ, ಅದರ ಮೇಲೆ ಯಾರೂ ಕೈಯಾಡಿಸುವುದು ಬೇಕಾಗಿರಲಿಲ್ಲ. ‘ಅಮ್ಮ ಹೇಗೆ ಬಿಟ್ಟಿದ್ದಳೋ ಹಾಗೇ ಇರಲಿ’ ಎಂದ. ಕೊನೆಗೆ ‘ಹೊಸ ಬಣ್ಣ ಹಚ್ಚಬಾರದು’ ಎಂಬ ಷರತ್ತನ್ನು ತಾನೇ ಬರೆದು ಸಹಿ ಹಾಕಿದ. ಆಗ ಕೋಪ ಬಂದಿತ್ತು. ಆ ಷರತ್ತು ಎಷ್ಟು ಸರಿಯಾದದ್ದು ಎಂದು ಗೊತ್ತಾದದ್ದು ನಂತರ. ಮನೆತನದ ವಸ್ತುವಾದರೆ ಈ ಪತ್ರ ಮೊದಲೇ ಮಾಡಿಸಿಕೊಳ್ಳಿ. ಪತ್ರ ಸಣ್ಣದಿರಲಿ, ಎಲ್ಲರ ಸಹಿ ಇರಲಿ.

ಪರಿಶೀಲನೆ ನಡೆದದ್ದು ಒಂದು ಬುಧವಾರ ಬೆಳಿಗ್ಗೆ, ಸುಮಾರು ಎರಡು ಗಂಟೆ. ಇಡೀ ಹನ್ನೊಂದು ತಿಂಗಳಲ್ಲಿ ನನಗೆ ಅತಿ ಇಷ್ಟವಾದ ಎರಡು ಗಂಟೆ ಅದು. ಆಕೆ ದೀಪವನ್ನು ಮೇಲಿನಿಂದ ಹಿಡಿಯದೆ ಮೇಜಿನ ಮಟ್ಟದಲ್ಲಿ, ಪಕ್ಕದಿಂದ ಹಿಡಿದರು. ಚಪ್ಪಟೆಯೆಂದು ನಾನು ತಿಳಿದಿದ್ದ ಕಾಗದದಲ್ಲಿ ಗುಡ್ಡ ಕಣಿವೆಗಳೆದ್ದವು. ಕುಂಚ ಒತ್ತಿ ಎಳೆದ ಕಡೆ, ಹಿಂದೆ ಸರಿದ ಕಡೆ, ಪೆನ್ಸಿಲ್ಲಿನಲ್ಲಿ ಮೊದಲು ಬರೆದು ಅಳಿಸಿದ ಇನ್ನೊಂದು ಕುರ್ಚಿಯ ಕಾಲು ಎಲ್ಲವೂ ಕಂಡವು. ಚಿಕ್ಕಮ್ಮ ಕುರ್ಚಿಯನ್ನು ಎರಡು ಬೆರಳಿನಷ್ಟು ಎಡಕ್ಕೆ ಸರಿಸಿದ್ದರು. ಸರಿಸಿದ್ದರಿಂದಲೇ ಟವೆಲಿನ ಮೇಲೆ ಕಿಟಕಿಯ ಬೆಳಕು ಬಿದ್ದಿತ್ತು.

ಆಮೇಲೆ ರೋಗಗಳ ಪಟ್ಟಿ ಶುರುವಾಯಿತು. ಅಲ್ಲಲ್ಲಿ ತುಕ್ಕಿನ ಬಣ್ಣದ ಚುಕ್ಕೆಗಳು: ತೇವದಲ್ಲಿ ಬೆಳೆದ ಬೂಷ್ಟು, ಕಾಗದದಲ್ಲಿರುವ ಕಬ್ಬಿಣದ ಕಣ ಇವೆಲ್ಲ ಸೇರಿ ಆಗುವಂಥವು. ಕಿಟಕಿಯಂತೆ ಕತ್ತರಿಸಿದ ಒಳರಟ್ಟಿನ ಅಂಚಿನಗುಂಟ ಕಂದು ಗೆರೆ. ಮರದ ತಿರುಳಿನಿಂದ ಮಾಡಿದ ಅಗ್ಗದ ರಟ್ಟು ಕಾಲ ಕಳೆದಂತೆ ಆಮ್ಲ ಬಿಡುತ್ತದೆ, ಅದು ತಾಕಿದ ಕಡೆ ಕಾಗದವನ್ನು ಸುಡುತ್ತದೆ. ಬೆನ್ನಿಗೆ ನಾಲ್ಕು ತುಂಡು ಪಾರದರ್ಶಕ ಟೇಪು. 1930ರಲ್ಲಿ ರಿಚರ್ಡ್ ಡ್ರೂ ಈ ಟೇಪನ್ನು ಕಂಡುಹಿಡಿದಾಗ ಜಗತ್ತಿಗೆ ಉಪಕಾರವಾಯಿತು ಎನ್ನುತ್ತಾರೆ. ಕಾಗದ ಸಂರಕ್ಷಕರನ್ನು ಕೇಳಿದರೆ ಬೇರೆ ಉತ್ತರ ಬರುತ್ತದೆ. ಟೇಪಿನ ಪ್ಲಾಸ್ಟಿಕ್ಕು ಒಣಗಿ ಉದುರುತ್ತದೆ, ಅಂಟು ಮಾತ್ರ ಕಾಗದದೊಳಗೆ ಇಳಿದು ಜೇನಿನ ಬಣ್ಣಕ್ಕೆ ತಿರುಗಿ ಅಲ್ಲೇ ಉಳಿಯುತ್ತದೆ. ಪೂರ್ತಿ ಹೋಗುವುದಿಲ್ಲ ಎಂದು ಆಕೆ ಮೊದಲೇ ಹೇಳಿದರು. ಹೀಗೆ ಮೊದಲೇ ಹೇಳುವವರನ್ನು ನಂಬಬಹುದು. ‘ಹೊಸದರ ಹಾಗೆ ಮಾಡಿಕೊಡ್ತೀನಿ’ ಎನ್ನುವವರಿಂದ ದೂರವಿರಿ.

ಕೊನೆಗೆ ಆಕೆ ಒಳರಟ್ಟನ್ನು ಚಪ್ಪಟೆ ಅಲಗಿನಿಂದ ಎಬ್ಬಿಸಿದರು. ರಟ್ಟು ಮುಚ್ಚಿದ್ದ ಅಂಚು, ಒಂದು ಬೆರಳಿನ ಅಗಲ, ಮೂವತ್ತು ವರ್ಷದಲ್ಲಿ ಮೊದಲ ಬಾರಿ ಬೆಳಕಿಗೆ ಬಂತು. ಅಲ್ಲಿ ಗೋಡೆ ನೀಲಿಯಾಗಿರಲಿಲ್ಲ. ನೇರಳೆಯಾಗಿತ್ತು. ತೆಳುವಾದ, ಗುಲಾಬಿ ಛಾಯೆಯ, ಮುಸ್ಸಂಜೆಯ ನೇರಳೆ.

ನಾನು ಏನೂ ಮಾತಾಡಲಿಲ್ಲ. ಆಕೆಯೂ ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ವಿವರಿಸಿದರು. ಚಿಕ್ಕಮ್ಮ ಕೆಂಪು, ನೀಲಿ ಎರಡನ್ನು ಕಲಸಿ ನೇರಳೆ ಮಾಡಿದ್ದರು. ಕೆಂಪು ಬಹುಶಃ ಅಲಿಜರಿನ್ ಕ್ರಿಮ್ಸನ್. 1868ರಿಂದ ಪ್ರಯೋಗಾಲಯದಲ್ಲಿ ತಯಾರಾಗುತ್ತಿರುವ ಅಲಿಜರಿನ್ ಎಂಬ ಬಣ್ಣದ್ರವ್ಯದಿಂದ ಮಾಡಿದ್ದು. ತೆಳುವಾಗಿ ಹಚ್ಚಿದರೆ ಬೆಳಕಿಗೆ ತಡೆಯುವುದಿಲ್ಲ. ನೀಲಿ ಗಟ್ಟಿಗ, ಉಳಿದುಕೊಂಡ. ಕೆಂಪು ವರ್ಷದಿಂದ ವರ್ಷಕ್ಕೆ ಹಜಾರದ ಕಿಟಕಿಯ ಬೆಳಕಿಗೆ ಆರಿಹೋಯಿತು. ವ್ಯಾನ್ ಗಾಗ್ 1888ರಲ್ಲಿ ಆರ್ಲ್‌ನಲ್ಲಿ ಬರೆದ ತನ್ನ ಮಲಗುವ ಕೋಣೆಯ ಚಿತ್ರಕ್ಕೂ ಇದೇ ಆಗಿದೆಯಂತೆ. ಗೋಡೆ ತೆಳು ನೇರಳೆ ಎಂದು ಆತನೇ ತಮ್ಮನಿಗೆ ಪತ್ರ ಬರೆದಿದ್ದಾನೆ. ಇವತ್ತು ಆಮ್‌ಸ್ಟರ್‌ಡ್ಯಾಮಿನಲ್ಲಿ ನಿಂತು ನೋಡುವವರಿಗೆ ಕಾಣುವುದು ನೀಲಿ. ದೊಡ್ಡವರಿಗೂ ಆಗಿದೆ ಎಂಬುದು ಒಂದು ಥರ ಸಮಾಧಾನವೇ. ಆದರೆ ನಾವೆಲ್ಲ ‘ಚಿಕ್ಕಮ್ಮನ ನೀಲಿ ಗೋಡೆ’ ಎಂದು ಮೂವತ್ತು ವರ್ಷ ಆಡಿಕೊಂಡದ್ದು ಅವರು ಬರೆಯದೇ ಇದ್ದ ಗೋಡೆಯನ್ನು. ಅವರು ಬದುಕಿದ್ದಾಗಲೂ ಹಾಗೇ ಕರೆಯುತ್ತಿದ್ದೆವು. ಅವರು ಒಮ್ಮೆಯೂ ತಿದ್ದಲಿಲ್ಲ. ಇದು ಇನ್ನೂ ನನ್ನನ್ನು ಕಾಡುತ್ತಿದೆ.

ಹಿಂಬದಿ ತಿರುಗಿಸಿದರೆ ಪೆನ್ಸಿಲ್ಲಿನಲ್ಲಿ ಸಾಮಾನಿನ ಚೀಟಿ: ಸೋಪು, ಬಿಳಿ ದಾರ, ಬಲ್ಬು ಎರಡು, ಕೆಂಪು ಟ್ಯೂಬು, ಚಿಕ್ಕದು. ‘ಚಿಕ್ಕದು’ ಎಂಬುದರ ಕೆಳಗೆ ಗೆರೆ ಎಳೆದಿತ್ತು.

‘ಆ ನೇರಳೆಯನ್ನು ಮತ್ತೆ ಹಚ್ಚಬಹುದಾ?’ ಎಂದು ಕೇಳಿದೆ. ಕೇಳಲೇಬೇಕೆನಿಸಿತು. ಆಕೆ ತಲೆಯಾಡಿಸಿದರು. ‘ನಾನು ಚಿತ್ರ ಬರೆಯುವವಳಲ್ಲ. ನಾನು ಮಾಡಿದ್ದನ್ನೆಲ್ಲ ನಾಳೆ ಇನ್ನೊಬ್ಬರು ಬಿಡಿಸಿ ತೆಗೆಯುವಂತಿರಬೇಕು. ಹಚ್ಚಿದ ಬಣ್ಣವನ್ನು ತೆಗೆಯೋಕಾಗಲ್ಲ.’ ತಮ್ಮನ ಷರತ್ತು ನೆನಪಾಗಿ ನಾಚಿಕೆಯಾಯಿತು.

ಕೈಗೆ ಬಂದ ಕಾಗದಗಳು ಮೂರು. ಸ್ಥಿತಿ ವರದಿ: ಎಲ್ಲೆಲ್ಲಿ ಏನಾಗಿದೆ ಎಂದು ಫೋಟೊದ ಮೇಲೇ ಗುರುತು ಹಾಕಿದ್ದು. ಚಿಕಿತ್ಸೆಯ ಪ್ರಸ್ತಾವ: ಯಾವುದನ್ನು ಮಾಡುವುದು, ಯಾವುದನ್ನು ಮಾಡದಿರುವುದು, ಯಾವುದರಲ್ಲಿ ಅಪಾಯವಿದೆ. ಮೂರನೆಯದು ಅಂದಾಜು ವೆಚ್ಚ, ಕೆಳಗೆ ನನ್ನ ಸಹಿ. ಸ್ಥಿತಿ ವರದಿಯಲ್ಲಿ ‘ಬಲ ಕೆಳಮೂಲೆಯಲ್ಲಿ ಇತ್ತೀಚಿನ ತೇವದ ಉಜ್ಜುವಿಕೆ’ ಎಂಬ ಸಾಲೂ ಇತ್ತು. ನಾನು ಹೇಳಿರಲಿಲ್ಲ. ಆಕೆಯೂ ಕೇಳಲಿಲ್ಲ.

ದುಡ್ಡಿನ ಮಾತು ಇಲ್ಲೇ ಮುಗಿಸಿಬಿಡುತ್ತೇನೆ. ಚಿತ್ರಕ್ಕೆ ಮಾರುಕಟ್ಟೆಯಲ್ಲಿ ಬೆಲೆಯೇ ಇಲ್ಲ, ಅದು ಮೊದಲೇ ಗೊತ್ತಿರಲಿ. ಒಟ್ಟು ಖರ್ಚನ್ನು ಹತ್ತು ಪಾಲು ಮಾಡಿದರೆ ಐದು ಪಾಲು ಚಿಕಿತ್ಸೆಗೆ, ಎರಡೂವರೆ ಗಾಜಿಗೆ, ಎರಡು ಚೌಕಟ್ಟು ಮತ್ತು ಒಳರಟ್ಟಿಗೆ, ಉಳಿದ ಅರ್ಧ ಪಾಲು ಓಡಾಟಕ್ಕೆ ಹೋಯಿತು. ಮರಕ್ಕಿಂತ ಗಾಜು ದುಬಾರಿ ಎಂದು ಯಾರಾದರೂ ಮೊದಲೇ ಹೇಳಿದ್ದರೆ ಅಂದಾಜಿನ ಚೀಟಿ ನೋಡಿ ಅಷ್ಟು ಬೆಚ್ಚಿಬೀಳುತ್ತಿರಲಿಲ್ಲ. ಕೆಲಸ ಶುರುವಾದ ಮೇಲೆ ಏರಿದ್ದು ಟೇಪಿನ ಲೆಕ್ಕ ಮಾತ್ರ, ಒಂದು ತುಂಡು ನಿರೀಕ್ಷೆಗಿಂತ ಹಟಮಾರಿಯಾಗಿತ್ತು.

ನಾಲ್ಕು ತಿಂಗಳು ಎಂದಿದ್ದರು, ಏಳು ಹಿಡಿಯಿತು. ಮೂರು ತಿಂಗಳು ಸರದಿಯಲ್ಲೇ ಹೋದವು. ನಂತರದ ಕೆಲಸ ಕೇಳಲು ಸಾಧಾರಣ: ಮೃದು ಕುಂಚ, ರಬ್ಬರಿನ ಪುಡಿಯಿಂದ ಒಣ ಶುಚಿ, ಅಂಟು ತೆಗೆಯುವುದು, ಕಾಗದಕ್ಕೆ ಹದವಾದ ತೇವ ಕೊಟ್ಟು ಹೀರುಕಾಗದಗಳ ನಡುವೆ ಭಾರದಡಿ ಒಣಗಿಸುವುದು. ಈ ಕೊನೆಯದಕ್ಕೇ ವಾರಗಟ್ಟಲೆ ಬೇಕು, ಅವಸರ ಮಾಡಿದರೆ ಮತ್ತೆ ಸುಕ್ಕು. ನಾನು ತಿಂಗಳಿಗೊಂದು ಸಲ ಫೋನು ಮಾಡುತ್ತಿದ್ದೆ. ‘ಒಣಗ್ತಿದೆ’ ಎನ್ನುತ್ತಿದ್ದರು.

ಕಾಯುವಾಗ ನನಗೆ ವಹಿಸಿದ್ದ ಕೆಲಸ ಒಂದಿತ್ತು: ಗೋಡೆ ಹುಡುಕುವುದು. ಜಲವರ್ಣಕ್ಕೆ ಸಂಗ್ರಹಾಲಯಗಳು ಒಪ್ಪಿಕೊಂಡಿರುವ ಬೆಳಕು ಸುಮಾರು 50 ಲಕ್ಸ್ (ಲಕ್ಸ್ ಎಂದರೆ ಬೀಳುವ ಬೆಳಕಿನ ಅಳತೆ). ತೈಲವರ್ಣಕ್ಕಾದರೆ 200ರವರೆಗೂ ಬಿಡುತ್ತಾರೆ. ಬೆಳಕಿನ ಏಟು ಕೂಡುತ್ತಾ ಹೋಗುವಂಥದು, ಕತ್ತಲಲ್ಲಿಟ್ಟರೆ ವಾಸಿಯಾಗುವಂಥದಲ್ಲ. ನೇರಳಾತೀತ ಕಿರಣ ತಡೆಯುವ ಗಾಜು ಹಾಕಿದರೂ ಕಣ್ಣಿಗೆ ಕಾಣುವ ಬೆಳಕೇ ಉಳಿದ ಹಾನಿ ಮಾಡುತ್ತದೆ. ಫೋನಿನಲ್ಲಿ ಲಕ್ಸ್ ಅಳೆಯುವ ಆ್ಯಪ್ ಹಾಕಿಕೊಂಡು ಮನೆಯ ಪ್ರತಿ ಗೋಡೆಯನ್ನೂ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅಳೆಯಲು ಶುರುಮಾಡಿದೆ. ಫೋನಿನ ಅಳತೆ ಕರಾರುವಾಕ್ಕಲ್ಲ, ಆದರೆ ಗೋಡೆಗೂ ಗೋಡೆಗೂ ಹೋಲಿಸಲು ಸಾಕು. ನಾನು ಮನಸ್ಸಿನಲ್ಲೇ ಗುರುತು ಮಾಡಿಕೊಂಡಿದ್ದ, ಕಿಟಕಿಯ ಎದುರಿನ ಗೋಡೆಯಲ್ಲಿ 600 ಬಂತು. ಅಲ್ಲಿ ಒಂದು ತಿಂಗಳಲ್ಲಿ ಬೀಳುವ ಏಟು 50 ಲಕ್ಸಿನ ಮೂಲೆಯಲ್ಲಿ ಬೀಳಲು ಒಂದು ವರ್ಷ ಬೇಕು. ಚಿಕ್ಕಮ್ಮನ ಹಜಾರ ನೆನಪಾಯಿತು.

ಮೂರು ವಾರ ಈ ಹುಚ್ಚು ನಡೆಯಿತು. ಹದಿನಾಲ್ಕು ವರ್ಷ ಬಾಳಿದ ಮನೆ, ಅದರ ಬೆಳಕು ನನಗೆ ಗೊತ್ತೇ ಇರಲಿಲ್ಲ. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ, ತೊಳೆದು ಬೋರಲು ಹಾಕಿದ ಪಾತ್ರೆಯ ಬೆನ್ನಿನಿಂದ ಬೆಳಕಿನ ಒಂದು ಚೂರು ಚಿಮ್ಮಿ ಚಾವಣಿಯಲ್ಲಿ ಮೀನಿನಂತೆ ಆಡುತ್ತದೆ, ಐದೇ ನಿಮಿಷ. ಮೋಡದ ದಿನ ಒಗೆದ ಬಟ್ಟೆಯ ರಾಶಿ ಇಡೀ ಕೋಣೆಯಲ್ಲಿ ಅತಿ ಹೊಳಪಿನ ವಸ್ತು. ಬಾಗಿಲಿನ ಹಿಂದೆ ಯಾವಾಗಲೂ ಒಂದು ಬೂದು ಬಣ್ಣವಿರುತ್ತದೆ, ಬಿಳಿ ಗೋಡೆಯದೇ ಬೂದು, ಆದರೆ ಬೆಳಿಗ್ಗೆ ಅದರಲ್ಲಿ ಹಸಿರಿದೆ, ಸಂಜೆ ಇಲ್ಲ. ಲಕ್ಸ್ ಬರೆದುಕೊಳ್ಳುತ್ತಿದ್ದ ಪುಸ್ತಕದಲ್ಲಿ ಅಂಕಿಗಳ ಪಕ್ಕ ಇವೆಲ್ಲ ಸೇರತೊಡಗಿದವು. ಮನೆಯವರು ನನ್ನ ಆರೋಗ್ಯ ವಿಚಾರಿಸತೊಡಗಿದರು.

ಆ ದಿನಗಳಲ್ಲೇ ಹ್ಯಾಮರ್ಶೊಯ್ ಎಂಬ ಡೆನ್ಮಾರ್ಕಿನ ಚಿತ್ರಕಾರನ ಗುಂಗು ಹಿಡಿಯಿತು. 1898ರಿಂದ 1909ರವರೆಗೆ ಕೋಪನ್‌ಹೇಗನ್ನಿನ ಒಂದೇ ಮನೆಯಲ್ಲಿದ್ದು, ಅದರ ಕೋಣೆಗಳನ್ನೇ ಮತ್ತೆ ಮತ್ತೆ ಬರೆದವನು. ಮುಚ್ಚಿದ ಬಾಗಿಲು, ಖಾಲಿ ನೆಲ, ಕಿಟಕಿಯಿಂದ ಓರೆಯಾಗಿ ಬಿದ್ದ ಬಿಸಿಲಿನಲ್ಲಿ ತೇಲುವ ದೂಳು. ಇಟಲಿಯ ಚಿತ್ರಕಾರ ಮೊರಾಂಡಿ ಬೊಲೋನ್ಯಾದ ಮನೆಯಲ್ಲಿ ತಂಗಿಯರೊಡನೆ ಇದ್ದುಕೊಂಡು ಜೀವಮಾನವಿಡೀ ಅವೇ ಶೀಶೆಗಳನ್ನು, ಡಬ್ಬಿಗಳನ್ನು ಬರೆದ. ಅವುಗಳ ಮೇಲಿನ ದೂಳನ್ನು ಒರೆಸದೆ ಬಿಡುತ್ತಿದ್ದನಂತೆ. ನನಗೂ ದೂಳಿಗೂ ಆಗಿಬರುವುದಿಲ್ಲ ಎಂಬುದನ್ನು ಮೇಲೆ ಓದಿದ್ದೀರಿ.

ಕೊನೆಗೆ ಸಿಕ್ಕಿದ್ದು ನಡುಮನೆಯಿಂದ ಮಲಗುವ ಕೋಣೆಗೆ ಹೋಗುವ ಸಣ್ಣ ಓಣಿಯ ಗೋಡೆ. ಯಾರೂ ಗಮನಿಸದ ಜಾಗ. ಹಗಲಿಡೀ 40ರಿಂದ 60 ಲಕ್ಸ್, ನೇರ ಬಿಸಿಲು ಎಂದೂ ಇಲ್ಲ, ಹೊರಗೋಡೆಯೂ ಅಲ್ಲ, ಹಾಗಾಗಿ ತೇವದ ಭಯವಿಲ್ಲ. ಗಾಳಿಯ ತೇವಾಂಶ ಶೇ. 65 ದಾಟಿ ನಿಂತರೆ ಬೂಷ್ಟಿಗೆ ಹಬ್ಬ. ಆದ್ದರಿಂದ ಬಚ್ಚಲಿನ, ಒಲೆಯ ಬೆನ್ನಿನ ಗೋಡೆ ಬೇಡವೇ ಬೇಡ. ಓಣಿಯ ದೀಪ ಕೆಟ್ಟದಾಗಿತ್ತು. ನೀಲಿಬಿಳಿಯ ಬಲ್ಬು ತೆಗೆದು 2700 ಕೆಲ್ವಿನ್ನಿನ, ಅಂದರೆ ಹಳದಿ ಛಾಯೆಯ, ಬಣ್ಣ ತೋರುವ ಸೂಚ್ಯಂಕ (CRI) 90ಕ್ಕಿಂತ ಹೆಚ್ಚಿರುವ ಬಲ್ಬು ಹಾಕಿದೆ. ಡಬ್ಬಿಯ ಮೇಲೆ ಸಣ್ಣಕ್ಷರದಲ್ಲಿ ಬರೆದಿರುತ್ತದೆ, ಹುಡುಕಿ ನೋಡಿ. ಇಡೀ ಮನೆಗೆ ಹಾಕುವ ಮನಸ್ಸಾಯಿತು. ಹಾಕಿದೆ ಕೂಡ. ಊಟದ ಮೇಜಿನ ಸುತ್ತ ಕೂತವರ ಮುಖಗಳಿಗೆ ರಕ್ತ ಬಂತು.

ಏಳನೆಯ ತಿಂಗಳ ಕೊನೆಗೆ ಚಿಕಿತ್ಸೆ ಮುಗಿಯಿತು. ಚುಕ್ಕೆಗಳು ತೆಳುವಾಗಿದ್ದವು, ಟೇಪಿನ ಕಲೆ ನೆರಳಿನಷ್ಟಿತ್ತು, ನಾನು ಉಜ್ಜಿದ ಮೂಲೆ ಹಾಗೇ ಇತ್ತು. ಚೌಕಟ್ಟು ಹಾಕಿಸುವಾಗ ಒಂದು ನಿರ್ಧಾರ ಉಳಿದಿತ್ತು: ನೇರಳೆ ಅಂಚನ್ನು ಮತ್ತೆ ರಟ್ಟಿನಡಿ ಮುಚ್ಚುವುದೋ, ತೋರಿಸುವುದೋ? ಮುಚ್ಚಿದರೆ ಅದು ಉಳಿಯುತ್ತದೆ, ಯಾರಿಗೂ ಕಾಣದೆ. ತೋರಿಸಿದರೆ ಕಾಣುತ್ತದೆ, ನಿಧಾನವಾಗಿ ಹೋಗುತ್ತದೆ. ಒಂದು ರಾತ್ರಿ ನಿದ್ದೆಗೆಟ್ಟು ತೋರಿಸಲು ತೀರ್ಮಾನಿಸಿದೆ. ಹಾಳೆಯ ನಾಲ್ಕೂ ಅಂಚು ಕಾಣುವಂತೆ, ಹತ್ತಿಯ ರಟ್ಟಿನ ಮೇಲೆ ತೇಲಿಸಿದಂತೆ ಕೂರಿಸುವುದು. ಹಾಳೆಯನ್ನು ಹಿಡಿದಿರುವುದು ಜಪಾನಿನ ಕೋಝೋ ಕಾಗದದ ಎರಡು ಸಣ್ಣ ಕೀಲುಗಳು, ಗೋಧಿ ಗಂಜಿಯ ಅಂಟು. ಬೇಕಾದರೆ ಸ್ವಲ್ಪ ತೇವಕ್ಕೆ ಬಿಟ್ಟುಕೊಳ್ಳುತ್ತದೆ. ವರ್ಷದಲ್ಲಿ ನಾಲ್ಕು ತಿಂಗಳು ಮಾತ್ರ ಗೋಡೆಯಲ್ಲಿ, ಉಳಿದ ಎಂಟು ತಿಂಗಳು ಪೆಟ್ಟಿಗೆಯಲ್ಲಿ ಎಂಬುದು ನನಗೆ ನಾನೇ ಹಾಕಿಕೊಂಡ ಕಟ್ಟಳೆ. ಜಪಾನಿನ ಮನೆಗಳ ತೊಕೊನೊಮಾ ಗೂಡಿನಲ್ಲಿ ಒಂದೇ ಒಂದು ಸುರುಳಿಚಿತ್ರ ತೂಗುತ್ತದೆ, ಋತು ಬದಲಾದಂತೆ ಅದನ್ನೂ ಬದಲಿಸುತ್ತಾರೆ. ಅಲ್ಲಿಂದ ಕದ್ದದ್ದು.

ಚೌಕಟ್ಟು ತೆಳು, ಕಡುಕಂದು, ಹೊಳಪಿಲ್ಲದ್ದು. ಕುರ್ಚಿಯ ಮರಕ್ಕಿಂತ ಒಂದು ಛಾಯೆ ಕಪ್ಪು. ಇದಕ್ಕೇ ಎರಡು ತಿಂಗಳು ಹಿಡಿಯಿತು, ಏಕೆಂದರೆ ಮೊದಲು ಬಂದ ಗಾಜು ಸಾಧಾರಣ ಗಾಜು. ಬಿಲ್ಲಿನಲ್ಲಿ ಒಂದು, ಡಬ್ಬಿಯಲ್ಲಿ ಇನ್ನೊಂದು. ಪತ್ತೆ ಮಾಡಿದ್ದು ಹೇಗೆಂದರೆ, ಬಲ್ಬಿನ ಪ್ರತಿಬಿಂಬ ನೋಡಿ. ಪ್ರತಿಫಲನ ತಡೆಯುವ ಲೇಪನವಿರುವ ಗಾಜಿನಲ್ಲಿ ಅದು ಮಂದವಾಗಿ, ನೇರಳೆಯೋ ಹಸಿರೋ ಆಗಿ ಕಾಣುತ್ತದೆ. ಇಲ್ಲಿ ಬೆಳ್ಳಗೆ ಹೊಳೆಯುತ್ತಿತ್ತು. ಅಂಗಡಿಯಲ್ಲೇ ನೋಡಿಕೊಳ್ಳಿ, ಮನೆಗೆ ತಂದ ಮೇಲೆ ವಾದ ಮಾಡುವುದು ಕಷ್ಟ. ಗಾಜು ಕಾಗದಕ್ಕೆ ತಾಕದಂತೆ ಅಂತರಪಟ್ಟಿ ಇದೆಯೇ ಎಂದೂ ನೋಡಿ.

ಈ ಎರಡು ತಿಂಗಳು ನನ್ನ ಓಣಿಯ ಗೋಡೆಯಲ್ಲಿ ಬರೀ ಮೊಳೆ ಇತ್ತು. ಚೌಕಟ್ಟಿನ ಅಳತೆಗೆ ಹಳೆಯ ದಿನಪತ್ರಿಕೆ ಕತ್ತರಿಸಿ, ಗೋಡೆಗೆ ಅಂಟಿಸಿ, ನಾಲ್ಕು ದಿನ ಓಡಾಡುತ್ತಾ ನೋಡಿ ಎತ್ತರ ನಿರ್ಧರಿಸಿದ್ದೆ. ಚಿತ್ರದ ನಡುಭಾಗ ನೆಲದಿಂದ ಸುಮಾರು 145ರಿಂದ 150 ಸೆಂ.ಮೀ. ಇರಲಿ ಎನ್ನುವುದು ಗ್ಯಾಲರಿಗಳ ಲೆಕ್ಕ. ಮನೆಗಳಲ್ಲಿ ಎಲ್ಲರೂ ಅದಕ್ಕಿಂತ ಮೇಲೆ ತೂಗುಹಾಕುತ್ತಾರೆ, ದೇವರಿಗೆ ಹಾಕಿದ ಹಾಗೆ. ಮೊದಲ ತೂತು ಗಾರೆ ಉದುರಿ ಹಾಳಾಯಿತು, ಎರಡನೆಯದು ಮೂರು ಸೆಂ.ಮೀ. ಪಕ್ಕದಲ್ಲಿ ನಿಂತಿತು. ಹಾಳಾದ ತೂತನ್ನು ಮುಚ್ಚಲು ಹೊರಟವನು ಸುಮ್ಮನಾದೆ. ವರ್ಮೀರ್ ಬರೆದ ಹಾಲು ಸುರಿಯುವ ಹೆಂಗಸಿನ ಚಿತ್ರ ನೋಡಿರುತ್ತೀರಿ, ಅದೂ ಬಹಳ ದೊಡ್ಡದೇನಲ್ಲ. ಅದರ ಹಿಂದಿನ ಬಿಳಿ ಗೋಡೆಯನ್ನು ಹತ್ತಿರದಿಂದ ನೋಡಿದರೆ ಒಂದು ಮೊಳೆ, ಅದರ ಪುಟ್ಟ ನೆರಳು, ಕಿತ್ತ ಮೊಳೆಗಳ ತೂತುಗಳು. ಆಂಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಮ್ಮಿನವರು ಒಳಪದರ ಪರೀಕ್ಷಿಸಿದಾಗ, ಅವಳ ತಲೆಯ ಹಿಂದೆ ಹೂಜಿ ತೂಗುವ ಹಲಗೆಯೊಂದನ್ನು ಬರೆಯಹೊರಟು ಆತ ಅಳಿಸಿದ್ದು ಕಂಡಿತು. ಸಾಮಾನನ್ನು ತೆಗೆದ, ತೂತುಗಳನ್ನು ಉಳಿಸಿದ. ನಮ್ಮ ಗೋಡೆಯ ತೂತೂ ಹಾಗೇ ಇದೆ.

ಒಂದು ಪೆದ್ದುತನವನ್ನೂ ಹೇಳಿಬಿಡುತ್ತೇನೆ. ಕೇಂಬ್ರಿಜ್‌ನಲ್ಲಿ ಕೆಟಲ್ಸ್ ಯಾರ್ಡ್ ಎಂಬ ಮನೆಯಿದೆ. ಜಿಮ್ ಈಡ್ ಎಂಬಾತ ಚಿತ್ರಗಳ ಜೊತೆ ಉರುಟು ಕಲ್ಲು, ಪಿಂಗಾಣಿ ಎಲ್ಲವನ್ನೂ ಜೋಡಿಸಿ ಬಾಳಿ, 1966ರಲ್ಲಿ ವಿಶ್ವವಿದ್ಯಾಲಯಕ್ಕೆ ಕೊಟ್ಟದ್ದು. ಅಲ್ಲಿ ಮಿರೋನ ಚಿತ್ರದಲ್ಲಿರುವ ಒಂದು ಹಳದಿ ಚುಕ್ಕೆಗೆ ಜೊತೆಯಾಗಿ ತಟ್ಟೆಯಲ್ಲೊಂದು ನಿಂಬೆಹಣ್ಣು ಸದಾ ಇರುತ್ತದೆ. ನಾನೂ ಚಿಕ್ಕಮ್ಮನ ಹಳದಿ ಟವೆಲಿಗೆ ಜೊತೆಯಾಗಲೆಂದು ಕೆಳಗೊಂದು ಹಳದಿ ಬಟ್ಟಲು ಇಟ್ಟೆ. ಎರಡು ದಿನಕ್ಕೆ ತೆಗೆದೆ. ಅವನದು ಕಣ್ಣು, ನನ್ನದು ಕಾಪಿ.

ತೂಗುಹಾಕಿದ ಸಂಜೆ, ಷರತ್ತು ಹಾಕಿದ್ದ ಆ ತಮ್ಮನನ್ನೂ ಕರೆದಿದ್ದೆ. ಚೌಕಟ್ಟಿನ ಹಿಂದೆ ಎರಡು ಉಂಗುರ, ಗೋಡೆಗೂ ಚೌಕಟ್ಟಿಗೂ ನಡುವೆ ಗಾಳಿಯಾಡಲು ಕೆಳಮೂಲೆಗಳಲ್ಲಿ ರಬ್ಬರಿನ ಗುಂಡಿ, ಮಟ್ಟ ನೋಡಲು ರಸಮಟ್ಟ. ಐದು ನಿಮಿಷದ ಕೆಲಸ. ಸಾಮಾನಿನ ಚೀಟಿಯ ಫೋಟೊ, ಮೂರು ವರದಿ, ಮೂವರ ಸಹಿಯ ಪತ್ರ ಎಲ್ಲ ಇರುವ ಫೈಲನ್ನು ಅವನ ಕೈಗೆ ಕೊಟ್ಟೆ. ನೀಲಿ ಹತ್ತಿದ ಆ ಒರೆಸುವ ಬಟ್ಟೆಯೂ ಅದರಲ್ಲೇ ಇದೆ, ಏನದು ಎಂದು ಕೇಳಿದ, ಹೇಳಿದೆ. ಬೈಯುತ್ತಾನೆಂದುಕೊಂಡಿದ್ದೆ. ಅವನು ಆಗಲೇ ಚಿತ್ರದ ಕಡೆ ತಿರುಗಿದ್ದ. ನೇರಳೆಯ ಅಂಚನ್ನು ತೋರಿಸಿ ಅಲಿಜರಿನ್ ಕಥೆ ಶುರುಮಾಡಿದೆ. ಕೇಳಿಸಿಕೊಂಡನೋ ಇಲ್ಲವೋ. ಗಾಜಿಗೆ ಮೂಗು ತಾಕುವಷ್ಟು ಹತ್ತಿರ ನಿಂತು ಬಹಳ ಹೊತ್ತು ನೋಡಿದ.

‘ಆ ಟವೆಲು ನನ್ನದು’ ಎಂದ.